ಮಡಿಚುನಳಿಗೆಯ ಗಾಳಿಕೋವಿಯೂ ಮುಧೋಳ ಸೀಮೆಯ ಹತಾರಗಳ ಚರಿತ್ರೆಯೂ

ಬಾಗಲಕೋಟೆ ಜಿಲ್ಲೆಯ ಚಿಮ್ಮಡ, ಹಿಂದೆ ಜಮಖಂಡಿ ತಾಲೂಕಿಗೂ ಈಗ ರಬಕವಿ-ಬನಹಟ್ಟಿ ತಾಲೂಕಿಗೂ ಸೇರಿದ ಗ್ರಾಮ. ಅಲ್ಲಿಯೂ ಸುತ್ತಲಿನ ಮಹಾಲಿಂಗಪುರ, ತೇರದಾಳ, ಮುಧೋಳಗಳ ಕಡೆಯ ಊರುಗಳಲ್ಲಿಯೂ ಜಾತ್ರೆ ಕೂಡಿದಾಗ ಬೆಂಡು-ಬತ್ತಾಸಿನ ಅಂಗಡಿಗಳ ಸಾಲು ಮುಗಿಯುವಲ್ಲಿ ಒಂದು ಹಲಗೆಯ ಮೇಲೆ ಬಣ್ಣಬಣ್ಣದ ಪುಗ್ಗೆಗಳನ್ನು ಸಾಲಾಗಿ ಕಟ್ಟಿ, ಅದರ ಮುಂದೆ ಒಂದೆರಡು ಬಂದೂಕುಗಳನ್ನಿಟ್ಟುಕೊಂಡು ಕುಳಿತ ಮನುಷ್ಯನನ್ನು ಯಾರೂ ನೋಡಿರಬಹುದು. ಈ ಬಂದೂಕಿಗೆ ಮದ್ದು ಬೇಡ, ಪರವಾನಗಿ ಬೇಡ. ನಳಿಗೆಯನ್ನು ನಡುವೆ ಮುರಿದಂತೆ ಬಾಗಿಸಿ ಮತ್ತೆ ನೆಟ್ಟಗೆ ಮಾಡಿದರೆ ಅದು ಸಿದ್ಧ. ಜನರು ಇದನ್ನು ಏರ್‌ಗನ್ ಎನ್ನುತ್ತಾರೆ. ಕೆಲವರು ಛರ್ರಾ ಬಂದೂಕು ಎನ್ನುವುದೂ ಉಂಟು. ಈ ಲೇಖನದಲ್ಲಿ ಇದನ್ನು ಗಾಳಿಕೋವಿ ಎಂದು ಕರೆಯಲಾಗಿದೆ.

ಇಂಥದೊಂದು ಆಟಿಕೆಯಂಥ ವಸ್ತುವಿನ ಚರಿತ್ರೆಯನ್ನು ಬರೆಯಬೇಕೆ ಎಂದು ವಾಚಕರು ಕೇಳಬಹುದು. ಆದರೆ ಈ ವಸ್ತು ಕಂಡುಬರುವ ನೆಲವು ಯಾವುದು ಎಂಬುದನ್ನು ನೆನೆದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. 1857ರಲ್ಲಿ, ಕೈಯಲ್ಲಿದ್ದ ಹತಾರವನ್ನು ಒಪ್ಪಿಸಲಾರೆವೆಂದು ಹೇಳಿ ಒಂದು ಇಡೀ ಊರು ಸುಟ್ಟುಹೋದುದು ಇದೇ ಸೀಮೆಯಲ್ಲಿ. ಅಂಥ ನೆಲದಲ್ಲಿ ಪರವಾನಗಿಯಿಲ್ಲದೆ ಯಾರ ಕೈಗಾದರೂ ಸಿಗುವ ಏಕೈಕ ಬಂದೂಕು ಇದಾಗಿರುವುದು ಹೇಗೆ, ಏಕೆ ಎಂಬುದು ವಿಚಾರ ಮಾಡತಕ್ಕ ವಿಷಯವೇ ಸರಿ. ಅದಕ್ಕೆ ಉತ್ತರವು ಕಾಯಿದೆಯ ಪುಸ್ತಕದಲ್ಲಿ ಅರ್ಧವೂ, ಈ ಕೋವಿಯನ್ನು ಬಾಗಿಸುವಾಗ ತೋಳಿಗೆ ತಗಲುವ ಶ್ರಮದಲ್ಲಿ ಉಳಿದ ಅರ್ಧವೂ ಇದೆಯೆಂಬುದು ಈ ಲೇಖಕನ ಅಭಿಪ್ರಾಯ.

ಮೊದಲು ಮಾತುಗಳ ವಿಚಾರ. ಕೋವಿ ಎಂಬುದು ಕನ್ನಡದಲ್ಲಿ ಮೂಲತಃ ಕೊಳವೆ ಎಂಬರ್ಥದ ಶಬ್ದ. ಒಳಗೆ ಪೊಳ್ಳಾಗಿರುವ ಯಾವುದೇ ನಳಿಕೆಯೂ ಕೋವಿಯೇ. ಮದ್ದಿನ ಆಯುಧ ಬಂದ ಮೇಲೆ ಆ ಹೆಸರು ಅದಕ್ಕೆ ಅಂಟಿಕೊಂಡಿತು. ಬಂದೂಕು, ತುಪಾಕಿ ಎಂಬವು ಹೊರಗಿನಿಂದ ಬಂದವು. ಆದುದರಿಂದ ಗಾಳಿಯಿಂದ ಗುಂಡನ್ನು ದೂಡುವ ಕೊಳವೆಗೆ ಕೋವಿ ಎಂಬ ಹೆಸರು ಮದ್ದಿನ ಬಂದೂಕಿಗಿಂತಲೂ ಹೆಚ್ಚು ಒಪ್ಪುತ್ತದೆಂದರೆ ತಪ್ಪಾಗಲಾರದು. ಬಿಲ್ಲಿಗೆ ನಾವು ಹೆದೆಯೇರಿಸುತ್ತೇವೆ. ಬಂದೂಕಿನ ಬಡಿಗೆಯನ್ನು ಹಿಂದಕ್ಕೆಳೆಯುವುದಕ್ಕೆ ಕುದುರೆ ಎಳೆಯುವುದೆಂದು ಹೇಳುವುದುಂಟು. ಮರಾಠಿಯಲ್ಲಿ ಅದು ಘೋಡಾ. ಗಾಳಿಕೋವಿಯನ್ನು ಸಿದ್ಧಗೊಳಿಸುವ ಕ್ರಿಯೆಗೆ ಇಂಥ ಹಳೆಯ ಮಾತು ಹುಟ್ಟಿಲ್ಲ. ಜಾತ್ರೆಯಲ್ಲಿ 'ಮುರಿ' ಎನ್ನುತ್ತಾರೆ, 'ಬಗ್ಗಿಸು' ಎನ್ನುತ್ತಾರೆ. ಆದರೆ ಒಳಗೆ ನಡೆಯುವುದನ್ನು ನೋಡಿದರೆ ಅದು ಹೆದೆಯೇರಿಸುವ ಕ್ರಿಯೆಯೇ ಹೊರತು ಕುದುರೆ ಎಳೆಯುವ ಕ್ರಿಯೆಯಲ್ಲ. ಈ ಭೇದವು ಮುಂದಿನ ವಾದಕ್ಕೆ ಮುಖ್ಯವಾದುದರಿಂದ ಇಲ್ಲಿಯೇ ಹೇಳಬೇಕಾಯಿತು. ಕುದುರೆ ಎಳೆಯುವವನು ಮದ್ದಿನಲ್ಲಿ ಅಡಗಿರುವ ಶಕ್ತಿಗೆ ಕಿಡಿ ಮುಟ್ಟಿಸುತ್ತಾನೆ ಅಷ್ಟೆ. ಹೆದೆಯೇರಿಸುವವನು ತನ್ನ ತೋಳಿನ ಶಕ್ತಿಯನ್ನೇ ಆಯುಧಕ್ಕೆ ಸಾಲ ಕೊಡುತ್ತಾನೆ.

ಇನ್ನು ಹಲಗಲಿಯ ಸಂಗತಿ. ಅಂದಿನ ಮುಧೋಳ ಸಂಸ್ಥಾನವು ಘೋರ್ಪಡೆಯವರ ಆಳಿಕೆಗೆ ಸೇರಿದುದು. ಪಕ್ಕದ ಜಮಖಂಡಿ ಪಟವರ್ಧನರದು. ಮುಧೋಳದ ಹಲಗಲಿಯಲ್ಲಿ ಬೇಡರು ಬಹುಸಂಖ್ಯೆಯಲ್ಲಿದ್ದರು. ಬೇಟೆ, ಊರ ಕಾವಲು, ಪಾಳೆಯಗಾರರಲ್ಲಿಯೂ ಸಂಸ್ಥಾನಿಕರಲ್ಲಿಯೂ ದಂಡಿನ ಚಾಕರಿ, ಇವು ಅವರ ಪರಂಪರೆಯ ವೃತ್ತಿಗಳು. ಇಂಥವರಿಗೆ ಹತಾರವು ಅಲಂಕಾರವಲ್ಲ, ಒಕ್ಕಲಿಗನಿಗೆ ನೇಗಿಲಿದ್ದಂತೆ. 1857ರ ಸೆಪ್ಟೆಂಬರಿನಲ್ಲಿ ಕಂಪನಿ ಸರಕಾರವು ಆ ವರ್ಷದ 28ನೆಯ ಕಾಯಿದೆಯನ್ನು ಮಾಡಿ, ಆಯುಧಗಳ ತಯಾರಿಕೆ, ಮಾರಾಟ, ಇಟ್ಟುಕೊಳ್ಳುವಿಕೆಗಳನ್ನು ತನ್ನ ಅಂಕೆಗೆ ತೆಗೆದುಕೊಂಡಿತು. ಉತ್ತರ ಹಿಂದುಸ್ಥಾನದ ದಂಗೆಯ ಭಯದಿಂದ ದಕ್ಷಿಣ ಮಹಾರಾಷ್ಟ್ರ ದೇಶವೆಂದು ಆಗ ಕರೆಯುತ್ತಿದ್ದ ಈ ಭಾಗದಲ್ಲಿಯೂ ನಿಃಶಸ್ತ್ರೀಕರಣ ನಡೆಯಿತು. ಹಲಗಲಿಯ ಬೇಡರು ಒಪ್ಪಲಿಲ್ಲ. ಪೂಜೇರಿ ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳು ಲಾವಣಿಯಲ್ಲಿ ಉಳಿದಿವೆ. ನವೆಂಬರ್ ತಿಂಗಳ ಕೊನೆಯಲ್ಲಿ ಕರ್ನಲ್ ಮಾಲ್ಕಮನ ದಂಡು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಹಿಡಿಯಲ್ಪಟ್ಟವರಲ್ಲಿ 19 ಮಂದಿಯನ್ನು ಡಿಸೆಂಬರ್ 11ರಂದು ಮುಧೋಳದಲ್ಲಿಯೂ 14ರಂದು ಹಲಗಲಿಯಲ್ಲಿಯೂ ನೇಣುಹಾಕಲಾಯಿತು.

ಕುರ್ತಕೋಟಿ ಕಲ್ಮೇಶನ ಅಂಕಿತವಿರುವ ಲಾವಣಿಯು ಈ ಕಥೆಯನ್ನು ಹೇಳುತ್ತದೆ. ಅದನ್ನು ಶೌರ್ಯದ ಹಾಡೆಂದು ಶಾಲೆಯಲ್ಲಿ ಕಲಿಸುತ್ತೇವೆ, ಅದು ಸರಿಯೆ. ಆದರೆ ಲಾವಣಿಯ ಬೀಜವಿರುವುದು ಆಯುಧದ ಒಡೆತನದಲ್ಲಿ ಎಂಬುದನ್ನು ಸಾಕಷ್ಟು ಗಮನಿಸಿಲ್ಲ. ಆ ಜನರು ಉಳಿಸಿಕೊಳ್ಳಬೇಕೆಂದಿದ್ದ ಬಂದೂಕಾದರೂ ಎಂಥದು? ಆ ಕಾಲದ ಹಳ್ಳಿಗಾಡಿನಲ್ಲಿ ಹೆಚ್ಚಾಗಿ ಇದ್ದುದು ಜಾಮಗಿಯ ಬಂದೂಕು. ಉದ್ದ ನಳಿಗೆ, ಬಾಯಿಂದ ಮದ್ದು ಸುರಿದು, ಗುಂಡನ್ನು ಹಾಕಿ, ಗಜದಿಂದ ಜಡಿದು, ಕಿವಿಯ ಬಳಿ ಬಟ್ಟಲಿಗೆ ಸಣ್ಣ ಮದ್ದನ್ನಿಟ್ಟು, ಉರಿಯುವ ಬತ್ತಿಯನ್ನು ಊದಿ ಕೆಂಡ ಮಾಡಿಕೊಂಡು ಹೊಡೆಯಬೇಕು. ಒಂದು ಗುಂಡಿಗೂ ಮತ್ತೊಂದಕ್ಕೂ ನಡುವೆ ನುರಿತವನಿಗೂ ಅರ್ಧ ನಿಮಿಷಕ್ಕಿಂತ ಕಡಮೆ ಹಿಡಿಯದು. ಮಳೆ ಬಂದರೆ ಮುಗಿಯಿತು. ಆದರೂ ಅದರ ಹೊಡೆತದಲ್ಲಿ ಹೊಡೆಯುವವನ ತೋಳಿನ ಬಲ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮುದುಕನಾಗಲಿ ಹುಡುಗನಾಗಲಿ, ಬತ್ತಿ ತಾಗಿದರೆ ಗುಂಡು ಅದೇ ವೇಗದಿಂದ ಹೋಗುತ್ತದೆ. ಆಳುವವರಿಗೆ ಹೆದರಿಕೆಯಾದುದು ಈ ಗುಣಕ್ಕೆ. ಒಂದು ಸೇರು ಮದ್ದು ಬಚ್ಚಿಟ್ಟಿದ್ದರೆ ಅದರಲ್ಲಿ ಎಷ್ಟೋ ಜನರ ಬಲ ಬಚ್ಚಿಟ್ಟಂತೆ.

1858ರಲ್ಲಿ ಕಂಪನಿಯ ಆಡಳಿತ ಹೋಗಿ ರಾಣಿಯ ಆಡಳಿತ ಬಂದರೂ ಧೋರಣೆ ಬದಲಾಗಲಿಲ್ಲ. ಲಾರ್ಡ್ ಲಿಟ್ಟನ್ನನ ಕಾಲದ 1878ರ ಆಯುಧ ಕಾಯಿದೆಯು ಅದನ್ನು ಸ್ಥಿರಪಡಿಸಿತು. ಇಲ್ಲಿ ಕರ್ಣಾಟಕದ ಇನ್ನೊಂದು ಮೂಲೆಯನ್ನು ನೋಡುವುದು ಉಚಿತ. 1861ರಲ್ಲಿ ಮೈಸೂರು ಮತ್ತು ಕೊಡಗಿನ ಕಮಿಶನರನಾಗಿದ್ದ ಮಾರ್ಕ್ ಕಬ್ಬನ್ನನು ಕೊಡಗರಿಗೆ ಈ ನಿಃಶಸ್ತ್ರೀಕರಣದ ಕಾಯಿದೆಯಿಂದ ವಿನಾಯಿತಿ ಕೊಟ್ಟನು. ಅದು ಇಂದಿಗೂ ಬೇರೆ ರೂಪದಲ್ಲಿ ಮುಂದುವರಿದಿದೆ. ಕೊಡವ ಜನಾಂಗದವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ಒಂದೇ ಕಾಯಿದೆಗೆ ಹಲಗಲಿಯಲ್ಲಿ ನೇಣುಗಂಬವೂ ಕೊಡಗಿನಲ್ಲಿ ಸನ್ನದೂ ದೊರೆತವು. ನಿಷ್ಠೆಗೆ ಬಹುಮಾನ, ಅವಿಧೇಯತೆಗೆ ದಂಡ ಎಂದು ಇದನ್ನು ಸುಲಭವಾಗಿ ವಿವರಿಸಬಹುದು. ಆದರೆ ಹಲಗಲಿಯವರು ಕೇಳಿದುದು ಕೊಡಗರಿಗೆ ಕೇಳದೆಯೇ ದೊರೆತುದಕ್ಕಿಂತ ಹೆಚ್ಚಿನದೇನೂ ಆಗಿರಲಿಲ್ಲವೆಂಬುದನ್ನು ಮರೆಯಲಾಗದು.

ಬಂದೂಕು ಹೋದ ಮೇಲೆ ಈ ಸೀಮೆಯ ಹೊಲಗಳಲ್ಲಿ ಏನು ಉಳಿಯಿತು? ಕವಣೆ. ಬಿಳಿಜೋಳದ ತೆನೆ ಹಾಲು ತುಂಬುವ ಕಾಲಕ್ಕೆ ಹೊಲದ ನಡುವೆ ಅಟ್ಟವನ್ನು ಕಟ್ಟಿ, ಅದರ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾಯುವುದು ಬಯಲುಸೀಮೆಯ ಹಳೆಯ ರೂಢಿ. ಕವಣೆಯಲ್ಲಿಯೂ ಶಕ್ತಿ ತೋಳಿನದೇ. ಮುಧೋಳದ ಪ್ರಸಿದ್ಧವಾದ ಬೇಟೆನಾಯಿ ಮೊಲದ ಬೇಟೆಗೆ ಸಾಕಾಗುತ್ತಿತ್ತು. ಅದಕ್ಕೂ ಮದ್ದು ಬೇಕಿಲ್ಲ. ಮಲೆನಾಡಿನ ಕಡೆಗೆ ಹುಡುಗರು ಬಿದಿರಿನ ಕೊಳವೆಯಲ್ಲಿ ಮುಂದೊಂದು ಕಾಯಿ, ಹಿಂದೊಂದು ಕಾಯಿ ಸಿಕ್ಕಿಸಿ, ಹಿಂದಿನದನ್ನು ಕೋಲಿನಿಂದ ದಬ್ಬಿ ಮುಂದಿನದನ್ನು 'ಫಟ್' ಎನಿಸುವ ಪೆಟ್ಲು ಎಂಬ ಆಟಿಕೆಯಿದೆ. ಎರಡು ಕಾಯಿಗಳ ನಡುವೆ ಸಿಕ್ಕಿದ ಗಾಳಿಯು ಇರುಕಿಗೊಳಗಾಗಿ ಮುಂದಿನ ಕಾಯಿಯನ್ನು ಹಾರಿಸುತ್ತದೆ. ಸ್ಪ್ರಿಂಗಿನ ಗಾಳಿಕೋವಿಯ ತತ್ತ್ವವನ್ನು ತಿಳಿಯಲಿಚ್ಛಿಸುವವರು ಪೆಟ್ಲನ್ನು ಕೈಯಲ್ಲಿ ಹಿಡಿದು ನೋಡಿದರೆ ಸಾಕು. ಕೋಲಿನ ಬದಲು ಸ್ಪ್ರಿಂಗು ದಬ್ಬುತ್ತದೆ, ಅಷ್ಟೇ ವ್ಯತ್ಯಾಸ.

ಗಾಳಿಯ ಆಯುಧಗಳ ಚರಿತ್ರೆ ಯುರೋಪಿನಲ್ಲಿ ಹಳೆಯದು. ಅವುಗಳಲ್ಲಿ ಎರಡು ವಂಶಗಳನ್ನು ಬೇರ್ಪಡಿಸಬೇಕು. ಮೊದಲನೆಯದು ಗಾಳಿಯನ್ನು ಮುಂಚಿತವಾಗಿಯೇ ಬುರುಡೆಯಲ್ಲಿ ತುಂಬಿಟ್ಟುಕೊಳ್ಳುವ ಜಾತಿ. 1780ರ ಸುಮಾರಿಗೆ ಆಸ್ಟ್ರಿಯದ ಸೈನ್ಯವು ಜಿರಾರ್ದೋನಿ ಎಂಬುವನು ರಚಿಸಿದ ಇಂಥ ಕೋವಿಯನ್ನು ಬಳಕೆಗೆ ತಂದಿತು; ಸುಮಾರು 20 ಗುಂಡುಗಳನ್ನು ಒಂದರ ಹಿಂದೊಂದರಂತೆ ಹೊಡೆಯಬಹುದಾಗಿತ್ತು, ಆದರೆ ಅದರ ಹಿಡಿಯಲ್ಲಿದ್ದ ಬುರುಡೆಯನ್ನು ತುಂಬಲು ಸುಮಾರು 1500 ಸಲ ಪಂಪು ಒತ್ತಬೇಕಾಗಿತ್ತಂತೆ. 1804ರಲ್ಲಿ ಅಮೆರಿಕದ ಪಶ್ಚಿಮಕ್ಕೆ ಹೊರಟ ಲೂಯಿಸ್ ಮತ್ತು ಕ್ಲಾರ್ಕರು ಜೊತೆಗೆ ಒಯ್ದ ಗಾಳಿಕೋವಿಯನ್ನು ದಾರಿಯಲ್ಲಿ ಮೂಲನಿವಾಸಿಗಳಿಗೆ ಹೊಡೆದು ತೋರಿಸಿ ಬೆರಗುಗೊಳಿಸುತ್ತಿದ್ದರು. ಇವು ಸೈನಿಕರ, ಶ್ರೀಮಂತರ ವಸ್ತುಗಳು. ಎರಡನೆಯ ವಂಶವೇ ನಮ್ಮದು. ಅದರಲ್ಲಿ ಗಾಳಿಯನ್ನು ತುಂಬಿಡುವುದಿಲ್ಲ; ತುಂಬಿಡುವುದು ಸ್ಪ್ರಿಂಗಿನ ಬಿಗಿಯನ್ನು. ಗುಂಡು ಹೊರಡುವ ಕ್ಷಣದಲ್ಲಿ ಮಾತ್ರ ಗಾಳಿ ಇರುಕುಗೊಳ್ಳುತ್ತದೆ. ನಳಿಗೆಯನ್ನೇ ಸನ್ನೆಗೋಲಾಗಿ ಬಳಸುವ ಮಡಿಚುನಳಿಗೆಯ ಮಾದರಿಯು 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿಯೂ ಜರ್ಮನಿಯಲ್ಲಿಯೂ ರೂಪುಗೊಂಡಿತು. 1890ರಲ್ಲಿ ಜರ್ಮನಿಯ ರಾಸ್ಟಾಟ್ ಎಂಬಲ್ಲಿ ಸ್ಥಾಪಿತವಾದ ಮಾಯರ್ ಮತ್ತು ಗ್ರಾಮೆಲ್ಸ್‌ಪಾಖರ್ ಕಾರಖಾನೆಯು 'ಡಯಾನಾ' ಎಂಬ ಹೆಸರಿನಲ್ಲಿ ಇವನ್ನು ಲೋಕಕ್ಕೆಲ್ಲ ಹಂಚಿತು. ಡಯಾನಾ ರೋಮನರ ಬೇಟೆಯ ದೇವತೆ. ನಮ್ಮ ದೇಶದಲ್ಲಿ ವಾಲಚಂದ ಹೀರಾಚಂದರು 1926ರಲ್ಲಿ ಸ್ಥಾಪಿಸಿದ ಇಂಡಿಯನ್ ಹ್ಯೂಮ್ ಪೈಪ್ ಕಂಪನಿಯು, ನೀರಿನ ಕೊಳವೆಗಳಿಗೆ ಹೆಸರಾದುದಾದರೂ, ಜರ್ಮನ್ ಮಾದರಿಯನ್ನನುಸರಿಸಿ ಗಾಳಿಕೋವಿಗಳನ್ನೂ ತಯಾರಿಸಿತು. ಕೊಳವೆಯವರು ಕೋವಿ ಮಾಡಿದರೆಂದರೆ, ಮೇಲೆ ಹೇಳಿದ ಶಬ್ದಾರ್ಥದ ಮಾತಿಗೆ ಅದೊಂದು ತಮಾಷೆಯ ಸಮರ್ಥನೆ.

ಈಗ ಬಳಕೆಯ ಕ್ರಮವನ್ನು ತುಸು ವಿವರವಾಗಿ ನೋಡೋಣ. ಹೊಡೆಯುವವನು ಕೋವಿಯ ಹಿಡಿಯನ್ನು ತೊಡೆಗೋ ಸೊಂಟಕ್ಕೋ ಆನಿಸಿಕೊಳ್ಳುತ್ತಾನೆ. ಎಡ ಅಂಗೈಯಿಂದ ನಳಿಗೆಯ ತುದಿಯ ಹತ್ತಿರ ಒಂದು ಪೆಟ್ಟು ಕೊಟ್ಟರೆ, ನಳಿಗೆಯ ಬುಡವನ್ನು ಹಿಡಿದಿದ್ದ ಚಿಕ್ಕ ಬೆಣೆ ಬಿಟ್ಟುಕೊಂಡು ಕೀಲು ಸಡಿಲಾಗುತ್ತದೆ. ಅನಂತರ ನಳಿಗೆಯನ್ನು ಕೆಳಕ್ಕೆ, ತನ್ನ ಕಡೆಗೆ ಎಳೆಯಬೇಕು. ಕೀಲಿನ ಕೆಳಗೆ ಜೋಡಿಸಿದ ಒಂದು ಕಬ್ಬಿಣದ ತೋಳು ಹಿಂದಕ್ಕೆ ಸರಿದು, ಉರುಳೆಯೊಳಗಿನ ಪಿಸ್ಟನ್ನನ್ನು ದೂಡಿ ಸ್ಪ್ರಿಂಗನ್ನು ಅದುಮುತ್ತದೆ. ಕೊನೆಗೆ 'ಟಕ್' ಎಂಬ ಸಪ್ಪಳ. ಕೊಕ್ಕೆಯು ಪಿಸ್ಟನ್ನನ್ನು ಹಿಡಿದುಕೊಂಡಿತೆಂದು ಅದರ ಅರ್ಥ. ಆ ಸಪ್ಪಳ ಕೇಳುವ ಮುಂಚೆ ಕೈ ಸೋತು ಬಿಟ್ಟರೆ ನಳಿಗೆಯು ರಭಸದಿಂದ ಮೇಲಕ್ಕೆ ಚಿಮ್ಮುತ್ತದೆ. ಕೇಳಿದ ಮೇಲೆಯೂ ನಳಿಗೆ ಬಾಗಿರುವಾಗಲೇ ಕುದುರೆಗೆ ಬೆರಳು ತಾಗಿದರೆ ಹಾಗೆಯೇ ಆಗುತ್ತದೆ. ಆಗ ಗುಂಡನ್ನಿಡುತ್ತಿದ್ದ ಹೆಬ್ಬೆರಳು ಕೀಲಿನ ಸಂದಿಯಲ್ಲಿ ಸಿಕ್ಕುವುದುಂಟು. ಆದುದರಿಂದ ಬಲ್ಲವರು ಗುಂಡನ್ನಿಟ್ಟು ಮುಚ್ಚುವವರೆಗೆ ಇನ್ನೊಂದು ಕೈಯಿಂದ ನಳಿಗೆಯನ್ನು ಬಿಡುವುದೇ ಇಲ್ಲ. ಇದೊಂದನ್ನು ಕಲಿಸದೆ ಯಾವ ಹುಡುಗನ ಕೈಗೂ ಗಾಳಿಕೋವಿಯನ್ನು ಕೊಡಲಾಗದು.

ಶ್ರಮವೆಷ್ಟು? ಕೋವಿಯ ಹಿಡಿಯನ್ನು ಭದ್ರಪಡಿಸಿ, ನಳಿಗೆಯ ತುದಿಗೆ ಕೊಕ್ಕೆಯ ತೂಕಸಾಧನವನ್ನು ಸಿಕ್ಕಿಸಿ ಎಳೆದರೆ ಇದನ್ನು ಯಾರೂ ಅಳೆಯಬಹುದು. ಬಾಲಕರಿಗೆಂದು ಮಾಡಿದವುಗಳಲ್ಲಿ ಮುಳ್ಳು ಏಳೆಂಟು ಕಿಲೋಗ್ರಾಮಿನ ಹತ್ತಿರ ನಿಲ್ಲುತ್ತದೆ. ಬಲವಾದವುಗಳಲ್ಲಿ 15 ದಾಟಿ 20ರ ವರೆಗೂ ಹೋಗುತ್ತದೆ. ಈ ಅಂಕೆಗಳು ಎಲ್ಲಿಂದ ಬರುತ್ತವೆಂಬುದನ್ನು ಲೆಕ್ಕದಿಂದಲೂ ತೋರಿಸಬಹುದು. ಅರ್ಧ ಗ್ರಾಮು ತೂಗುವ ಸೀಸದ ಗುಂಡು ಸೆಕೆಂಡಿಗೆ 200 ಮೀಟರು ವೇಗದಿಂದ ಹೊರಟರೆ ಅದರಲ್ಲಿರುವ ಶಕ್ತಿ 10 ಜೂಲು. ಸ್ಪ್ರಿಂಗಿನಲ್ಲಿ ಕೂಡಿಟ್ಟ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಗುಂಡಿಗೆ ದಕ್ಕುತ್ತದೆ. ಉಳಿದುದು ಬಿಸಿಯಾಗಿ, ಸಪ್ಪಳವಾಗಿ, ಅದುರಾಗಿ ಹೋಗುತ್ತದೆ. ಎಂದಮೇಲೆ ತೋಳು 30 ಜೂಲು ಕೊಡಬೇಕು. ಕೀಲಿನಿಂದ ತುದಿಗೆ 45 ಸೆಂಟಿಮೀಟರು ಉದ್ದದ ನಳಿಗೆಯನ್ನು ಲಂಬಕೋನಕ್ಕಿಂತ ಸ್ವಲ್ಪ ಹೆಚ್ಚು ಬಾಗಿಸಿದರೆ ತುದಿಯು ಸುಮಾರು 90 ಸೆಂಟಿಮೀಟರು ಕಮಾನಿನಲ್ಲಿ ಚಲಿಸುತ್ತದೆ. ಹೀಗೆ ಭಾಗಿಸಿದರೆ ಸರಾಸರಿ ಎಳೆತ ಮೂರೂವರೆ ಕಿಲೋಗ್ರಾಮಿಗೂ ಕಡಮೆ. ಆದರೆ ಎಳೆತವು ಏಕರೀತಿಯದಲ್ಲ. ಸ್ಪ್ರಿಂಗು ಅದುಮಿದಷ್ಟೂ ಬಿಗಿಯುತ್ತದೆ, ತೋಳಿನ ಕೋನವೂ ಎಲ್ಲೆಡೆ ಅನುಕೂಲವಾಗಿರುವುದಿಲ್ಲ, ತಿಕ್ಕಾಟವೂ ಇದೆ. ಆದುದರಿಂದ ಅತಿ ಕಠಿಣವಾದ ಘಟ್ಟದಲ್ಲಿ ಸರಾಸರಿಯ ಎರಡು ಮೂರು ಪಟ್ಟು ಬೇಕಾಗುತ್ತದೆ. ಗುಂಡಿನ ಶಕ್ತಿಯನ್ನು 20 ಜೂಲಿಗೆ ಏರಿಸಿದರೆ ಸರಾಸರಿಯು ಏಳು ಕಿಲೋಗ್ರಾಮಿನ ಸಮೀಪಕ್ಕೂ, ಕಠಿಣಘಟ್ಟವು 15-20 ಕಿಲೋಗ್ರಾಮಿಗೂ ಏರುತ್ತದೆ. ನಳಿಗೆಯನ್ನು ಉದ್ದ ಮಾಡಿ ಶ್ರಮವನ್ನು ಕಡಮೆ ಮಾಡಬಹುದಲ್ಲವೆ ಎಂದರೆ, ಆಗ ಕೋವಿಯ ಮೂತಿ ಭಾರವಾಗಿ ಗುರಿ ಹಿಡಿಯುವುದು ಕಷ್ಟ. ಚಿಕ್ಕವನ ತೋಳಿಗೆ ತುದಿಯೇ ಎಟುಕದು.

ಶ್ರಮವೆಂಬುದು ಕಿಲೋಗ್ರಾಮಿನಿಂದಲೇ ಮುಗಿಯುವುದಿಲ್ಲ. ಒಬ್ಬ ವಯಸ್ಕನಿಗೆ 15 ಕಿಲೋಗ್ರಾಮು ಎಳೆಯುವುದು ದೊಡ್ಡ ಮಾತಲ್ಲ. ನಮ್ಮ ಕಡೆಯ ಹೆಂಗಸರು ಬಾವಿಯಿಂದ ಅಷ್ಟು ನೀರನ್ನು ದಿನಕ್ಕೆಷ್ಟೋ ಸಲ ಸೇದಿದವರು. 30 ಜೂಲಿನಂತೆ 60 ಸಲ ಬಾಗಿಸಿದರೂ ಒಟ್ಟು ಕೆಲಸವು ಹತ್ತು ಕಿಲೋಗ್ರಾಮಿನ ಚೀಲವನ್ನು 18 ಸಲ ಒಂದು ಮೀಟರು ಎತ್ತಿದಷ್ಟೇ. ಆದರೆ ಎಳೆದ ಮರುಕ್ಷಣವೇ ಅದೇ ತೋಳು ಅಲುಗಾಡದೆ ನಿಂತು ಗುರಿ ಹಿಡಿಯಬೇಕು. ನೀರು ಸೇದಿದ ಕೈಗೆ ಕೂಡಲೇ ಸೂಜಿಗೆ ದಾರ ಪೋಣಿಸುವ ಕೆಲಸ ಕೊಟ್ಟಂತೆ ಇದು. ಹತ್ತು ಹದಿನೈದು ಗುಂಡುಗಳ ಮೇಲೆ ಉಸಿರು ಏರುತ್ತದೆ, ಬೆರಳು ನಡುಗುತ್ತದೆ, ಗುಂಡುಗಳು ಚದರುತ್ತವೆ. ಬಲವಾದ ಸ್ಪ್ರಿಂಗಿನ ಕೋವಿಯನ್ನು ಕೊಂಡವರು ಅದನ್ನು ಕ್ರಮೇಣ ಮೂಲೆಗಿಟ್ಟು ಸೌಮ್ಯವಾದುದನ್ನೇ ಕೈಗೆತ್ತಿಕೊಳ್ಳುವುದು ಇದೇ ಕಾರಣಕ್ಕೆ.

ಹಿಡಿತದಲ್ಲಿಯೂ ಒಂದು ವಿಶೇಷವಿದೆ. ಮದ್ದಿನ ಬಂದೂಕು ಹಿಂದಕ್ಕೆ ಒದೆಯುತ್ತದೆ. ಆದುದರಿಂದ ಅದನ್ನು ಹೆಗಲಿಗೆ ಬಿಗಿಯಾಗಿ ಒತ್ತಿ ಹಿಡಿಯಬೇಕೆಂದು ಕಲಿಸುತ್ತಾರೆ. ಸ್ಪ್ರಿಂಗಿನ ಕೋವಿಯು ಎರಡು ಕಡೆಗೂ ಒದೆಯುತ್ತದೆ. ಪಿಸ್ಟನ್ನು ಮುಂದಕ್ಕೆ ಧಾವಿಸುವಾಗ ಕೋವಿ ಹಿಂದೆ ಸರಿಯುತ್ತದೆ. ಪಿಸ್ಟನ್ನು ಕೊನೆಮುಟ್ಟಿ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಈ ಕುಲುಕಾಟ ಆರಂಭವಾಗುವಾಗ ಗುಂಡು ಇನ್ನೂ ನಳಿಗೆಯಲ್ಲಿಯೇ ಇರುತ್ತದೆ. ಬಿಗಿಯಾಗಿ ಹಿಡಿದರೆ ಹಿಡಿತವು ಒಂದೊಂದು ಸಲ ಒಂದೊಂದು ತೆರನಾಗಿ ಕೋವಿಯನ್ನು ತಿರುಚುತ್ತದೆ. ಸಡಿಲವಾಗಿ, ತೆರೆದ ಅಂಗೈಯ ಮೇಲೆ ಕೂಡ್ರಿಸಿದಂತೆ ಹಿಡಿದರೆ ಪ್ರತಿಸಲವೂ ಒಂದೇ ರೀತಿ ಕುಲುಕಿ ಗುಂಡುಗಳು ಒಂದೆಡೆ ಬೀಳುತ್ತವೆ. ಬಲವಾಗಿ ಎಳೆ, ಮೆತ್ತಗೆ ಹಿಡಿ ಎಂಬ ಈ ವಿರೋಧಾಭಾಸವು ಹೊಸಬರಿಗೆ ಬೇಗ ಮನಸ್ಸಿಗೆ ಬಾರದು. ಬಂದೂಕಿನ ದೂರದರ್ಶಕಗಳು ಎಷ್ಟೋ ದೊಡ್ಡ ಬಂದೂಕಿನ ಒದೆತವನ್ನು ತಾಳಿಕೊಂಡರೂ ಗಾಳಿಕೋವಿಯ ಮೇಲೆ ಕೂಡ್ರಿಸಿದಾಗ ಹಾಳಾಗುವುದು ಈ ಮುಂದೊದೆತದಿಂದಲೇ. ಗುಂಡಿಲ್ಲದೆ ಹೊಡೆಯಬಾರದೆಂಬ ನಿಯಮವೂ ಇಲ್ಲಿಂದಲೇ ಬಂದುದು. ಎದುರಿಗೆ ಗುಂಡಿದ್ದರೆ ಗಾಳಿಯು ಮೆತ್ತೆಯಂತಾಗಿ ಪಿಸ್ಟನ್ನನ್ನು ತಡೆಯುತ್ತದೆ, ಇಲ್ಲದಿದ್ದರೆ ಲೋಹಕ್ಕೆ ಲೋಹ ಬಡಿಯುತ್ತದೆ. ಹಳೆಯ ಕೋವಿಗಳಲ್ಲಿ ಪಿಸ್ಟನ್ನಿನ ತಲೆಗೆ ತೊಗಲಿನ ಬಿಲ್ಲೆಯಿರುತ್ತದೆ. ಅದು ಒಣಗಿದರೆ ಗಾಳಿ ಸೋರುತ್ತದೆ, ಎಣ್ಣೆ ಹೆಚ್ಚಾದರೆ ಇರುಕಿದ ಗಾಳಿಯ ಕಾವಿಗೆ ಎಣ್ಣೆಯೇ ಹೊತ್ತಿಕೊಂಡು ಹೊಗೆಯೂ ದೊಡ್ಡ ಸಪ್ಪಳವೂ ಬರುತ್ತದೆ. ಮದ್ದಿಲ್ಲದ ಬಂದೂಕಿನಲ್ಲಿಯೂ ಬೆಂಕಿ ಅಡಗಿದೆಯೆಂಬುದು ಸೋಜಿಗವಾದರೂ ನಿಜ.

ಈ ವಿವರಗಳ ಮೇಲೆ ಕಾಯಿದೆಯನ್ನು ಓದಿದರೆ ಅದರ ಅರ್ಥ ಹೆಚ್ಚು ಸ್ಪಷ್ಟವಾಗುತ್ತದೆ. ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯು ಸ್ಫೋಟಕದಿಂದಾಗಲಿ ಬೇರಾವ ಬಗೆಯ ಶಕ್ತಿಯಿಂದಾಗಲಿ ಗುಂಡನ್ನು ಹಾರಿಸುವ ಸಾಧನಗಳನ್ನೆಲ್ಲ ಬಂದೂಕಿನ ವ್ಯಾಖ್ಯೆಯೊಳಗೆ ತಂದಿತು. ಅಕ್ಷರಶಃ ನೋಡಿದರೆ ಗಾಳಿಕೋವಿಯೂ ಅದರೊಳಗೆ ಬಂತು. ಆದರೆ ಮಿತವಾದ ಬಲದ ಗಾಳಿಕೋವಿಗಳಿಗೆ ಪ್ರತ್ಯೇಕವಾಗಿ ವಿನಾಯಿತಿ ಕೊಡಲಾಯಿತು. ಮಿತವೇ ಅಲ್ಲವೇ ಎಂಬುದನ್ನು ಮರದ ಹಲಗೆಗೆ ಹೊಡೆದು, ಗುಂಡು ಆಚೆ ದಾಟುವುದೇ ಎಂದು ನೋಡಿ ನಿರ್ಣಯಿಸುವ ಪದ್ಧತಿಯಿತ್ತು. 2016ರ ಆಯುಧ ನಿಯಮಗಳು ಹಲಗೆಯನ್ನು ಬಿಟ್ಟು ಅಂಕೆಗೆ ಬಂದವು: ಗುಂಡಿನ ಶಕ್ತಿ 20 ಜೂಲನ್ನು ಮೀರಿದರೆ, ಅಥವಾ ನಳಿಗೆಯ ಒಳವ್ಯಾಸ 4.5 ಮಿಲಿಮೀಟರನ್ನು ಮೀರಿದರೆ ಪರವಾನಗಿ ಬೇಕು. ಈ 20 ಜೂಲು ಎಂಬ ಗೆರೆಯು ಸ್ಪ್ರಿಂಗಿನ ಕೋವಿಯ ಮಟ್ಟಿಗೆ ಎಲ್ಲಿ ಬೀಳುತ್ತದೆಂದು ಮೇಲಿನ ಲೆಕ್ಕದಲ್ಲಿ ನೋಡಿದೆವಷ್ಟೆ. ಅದು ಸಾಧಾರಣ ಮನುಷ್ಯನ ತೋಳು ಮತ್ತೆ ಮತ್ತೆ ಎಳೆಯಲು ಬೇಸರಪಡುವ ಮಟ್ಟದ ಸುಮಾರಿಗೇ ಬೀಳುತ್ತದೆ. ನಿಯಮವನ್ನು ಬರೆದವರು ತೋಳಿನ ಶ್ರಮವನ್ನು ಎಣಿಸಿದ್ದರೆಂದು ಹೇಳಲು ಆಧಾರವಿಲ್ಲ. ಆದರೆ ಸ್ಪ್ರಿಂಗಿನ ಕೋವಿಯು ಕಾಯಿದೆಯ ಹೊರಗೆ ನಿಂತಿರುವುದು ಬಹುಮಟ್ಟಿಗೆ ಅದನ್ನು ಎಳೆಯುವವನ ದೇಹವೇ ಅದಕ್ಕೆ ಹಾಕಿದ ಮಿತಿಯಿಂದ. ತೋಳಿನ ಶ್ರಮವಿಲ್ಲದ, ಬುರುಡೆಯಲ್ಲಿ ಗಾಳಿ ತುಂಬಿಡುವ ಜಾತಿಗೆ ಈ ಸಹಜ ಮಿತಿಯಿಲ್ಲ. ಅಂಥವು ಸುಲಭವಾಗಿ ಗೆರೆಯನ್ನು ದಾಟಬಲ್ಲವು. ಜಿರಾರ್ದೋನಿಯ ಕೋವಿ ಯುದ್ಧಕ್ಕೆ ಹೋದುದು, ಡಯಾನಾ ಜಾತ್ರೆಗೆ ಬಂದುದು ಆಕಸ್ಮಿಕವಲ್ಲ.

ವಿನಾಯಿತಿಯೆಂದರೆ ನಿರಪಾಯವೆಂದು ತಿಳಿಯಬಾರದು. ಹತ್ತು ಜೂಲಿನ ಸೀಸದ ಗುಂಡು ಕಣ್ಣನ್ನು ಕಳೆಯಲು ಧಾರಾಳವಾಗಿ ಸಾಕು. ಕಲ್ಲಿಗೆ ತಗಲಿ ಮರಳಿ ಬರುವುದೂ ಉಂಟು. ಹಕ್ಕಿಗಳ ಪಾಲಿಗೆ ಈ ಕೋವಿಯು ದೊಡ್ಡ ಬಂದೂಕಿಗಿಂತ ಹೆಚ್ಚು ಕ್ರೂರವಾಯಿತು, ಏಕೆಂದರೆ ಅದಕ್ಕೆ ಖರ್ಚೂ ಸಪ್ಪಳವೂ ಕಡಮೆ. 1972ರ ವನ್ಯಜೀವಿ ಸಂರಕ್ಷಣ ಕಾಯಿದೆಯ ಮೇಲೆ ಕಾಡುಹಕ್ಕಿಗಳ ಬೇಟೆ ಅಪರಾಧ. ಹೊಡೆಯಲು ಯತ್ನಿಸುವುದೂ ಬೇಟೆಯೆಂದೇ ಎಣಿಸಲ್ಪಡುತ್ತದೆ. ಕೋವಿಗೆ ಪರವಾನಗಿ ಬೇಡವೆಂಬುದು ಅದರಿಂದ ಮಾಡಿದ ಕೃತ್ಯಕ್ಕೆ ರಕ್ಷಣೆಯಾಗಲಾರದು. ನಮ್ಮ ಸೀಮೆಯಲ್ಲಿಯೇ ಮುಧೋಳ-ಬೀಳಗಿಗಳ ನಡುವಣ ಯಡಹಳ್ಳಿಯ ಕುರುಚಲು ಕಾಡು ಈಗ ಚಿಂಕಾರಗಳ ಅಭಯಾರಣ್ಯವಾಗಿದೆ. ಬೇಡರ ಬೇಟೆಯ ನೆಲವಾಗಿದ್ದುದರ ಹತ್ತಿರವೇ ಇಂದು ಬೇಟೆಯೆಂಬುದಿಲ್ಲ.

2021ರಲ್ಲಿ ಅರುಣಾಚಲ ಪ್ರದೇಶದಲ್ಲಿ ಸರಕಾರವು ಹಕ್ಕಿಗಳ ರಕ್ಷಣೆಗಾಗಿ ಗಾಳಿಕೋವಿಗಳನ್ನು ಒಪ್ಪಿಸಿರೆಂದು ಜನರನ್ನು ಕೇಳಿಕೊಳ್ಳುವ ಅಭಿಯಾನವನ್ನು ಕೈಕೊಂಡಿತು. ಹಳ್ಳಿಗರು ತಾವಾಗಿ ತಂದು ಒಪ್ಪಿಸಿದರು. ಹಲಗಲಿಯ ಚರಿತ್ರೆಯನ್ನು ಓದಿದವನಿಗೆ ಈ ಸುದ್ದಿಯು ಒಂದು ವಿಚಿತ್ರ ಭಾವನೆಯನ್ನು ಹುಟ್ಟಿಸದಿರದು. ಎರಡು ಕಡೆಗೂ ಕೇಳಿದುದು ಹತಾರವನ್ನೇ. ಆದರೆ 1857ರಲ್ಲಿ ಕೇಳಿದವರು ಜನರಿಗೆ ಹೆದರಿ ಕೇಳಿದರು, ದಂಡನ್ನು ಬೆನ್ನಿಗಿಟ್ಟುಕೊಂಡು ಕೇಳಿದರು. ಅದನ್ನು ಬಿಟ್ಟುಕೊಟ್ಟವನಿಗೆ ವೃತ್ತಿಯೂ ಮಾನವೂ ಉಳಿಯುತ್ತಿರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸಾಧುವಲ್ಲವಾದರೂ, ಒಪ್ಪಿಸುವುದು ಮತ್ತು ಕಸಿಯಲ್ಪಡುವುದು ಇವೆರಡರ ಅಂತರವನ್ನು ತಿಳಿಯಲು ಹೋಲಿಕೆ ಉಪಯುಕ್ತವಾಗಿದೆ.

ಕ್ರೀಡೆಯ ವಿಷಯವನ್ನು ಇಲ್ಲಿ ಹೆಚ್ಚು ಬೆಳೆಸುವ ಅವಶ್ಯಕತೆಯಿಲ್ಲ. 10 ಮೀಟರು ಗಾಳಿಕೋವಿಯ ಸ್ಪರ್ಧೆಯು 1984ರ ಒಲಿಂಪಿಕ್ಸಿನಲ್ಲಿ ಸೇರಿತು; 2008ರಲ್ಲಿ ಬೀಜಿಂಗಿನಲ್ಲಿ ಅಭಿನವ ಬಿಂದ್ರಾ ಅದರಲ್ಲಿ ಚಿನ್ನದ ಪದಕ ಪಡೆದುದು ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ಈಗ ಬಳಕೆಯಾಗುವುದು ಗಾಳಿ ತುಂಬಿಟ್ಟ, ಒದೆಯದ, ಎಳೆಯಲು ಶ್ರಮವಿಲ್ಲದ ಕೋವಿಗಳು. ಮಡಿಚುನಳಿಗೆಯು ಆ ಅಂಗಳದಿಂದ ಹಿಂದೆ ಸರಿದಿದೆ. ಅದು ಉಳಿದಿರುವುದು ಕಲಿಯುವವರ ಕೈಯಲ್ಲಿ, ಹೊಲದ ಬದುವಿನಲ್ಲಿ, ಮತ್ತು ಜಾತ್ರೆಯಲ್ಲಿ.

ಜಾತ್ರೆಯ ಆ ಅಂಗಡಿಗೆ ಮರಳಿ ಬರೋಣ. ಈ ಲೇಖಕನು ಹುಡುಗನಾಗಿದ್ದಾಗ ಅಲ್ಲಿ ನಳಿಗೆಯನ್ನು ಬಾಗಿಸಲು ಹೋಗಿ ಆಗದೆ ನಾಚಿಕೊಂಡುದುಂಟು. ಅಂಗಡಿಯವನು ನಕ್ಕು, ಕೋವಿಯನ್ನು ತೆಗೆದುಕೊಂಡು, ಮೊಣಕಾಲಿಗೆ ಆನಿಸಿ ಒಂದೇ ಸೆಳೆತಕ್ಕೆ ಬಾಗಿಸಿ, ಗುಂಡನ್ನಿಟ್ಟು ಮುಚ್ಚಿ ಕೈಗೆ ಕೊಟ್ಟನು. ಅವನು ಅದನ್ನು ಎಲ್ಲರಿಗೂ ಹೀಗೆಯೇ ಮಾಡುತ್ತಿದ್ದನೆಂಬುದು ಮರುವರ್ಷ ನೋಡಿದಾಗ ತಿಳಿಯಿತು. ಸಂಜೆಯಿಂದ ನಡುರಾತ್ರಿಯವರೆಗೆ ಹೆಂಗಸರು, ಮಕ್ಕಳು, ಮುದುಕರು ಬಂದು ಹೊಡೆದು ಹೋಗುತ್ತಾರೆ. ಗುರಿ ಅವರದು, ಶ್ರಮ ಅವನದು. ದಿನಕ್ಕೆ ನೂರಾರು ಸಲ ಬಾಗಿಸಬೇಕಾದವನು ಬಲವಾದ ಸ್ಪ್ರಿಂಗನ್ನು ಏಕೆ ಇಟ್ಟುಕೊಂಡಾನು? ಅವನ ಕೋವಿಗಳು ವರ್ಷಗಳ ಬಳಕೆಯಿಂದ ಸಡಿಲವಾಗಿ ಪುಗ್ಗೆಯನ್ನು ಒಡೆಯುವಷ್ಟು ಮಾತ್ರ ಬಲವುಳ್ಳವಾಗಿರುತ್ತವೆ, ಅದರ ಹಿಂದಿನ ಹಲಗೆಯಲ್ಲಿ ಚಿಕ್ಕ ಗುಳಿ ಬೀಳುತ್ತದೆ. ಅಂಗಡಿ ಕಟ್ಟುವ ಹೊತ್ತಿಗೆ ಅವನು ಒಂದು ಚಿಂದಿಗೆ ಎಣ್ಣೆ ಹಚ್ಚಿ ನಳಿಗೆಗಳನ್ನು ಒರೆಸಿ, ಸ್ಪ್ರಿಂಗು ಬಿಗಿಯಲ್ಲಿ ಉಳಿಯದಂತೆ ಪ್ರತಿಯೊಂದನ್ನೂ ಕೊನೆಯ ಸಲ ಹಲಗೆಗೆ ಹೊಡೆದು, ಗೋಣಿಚೀಲದಲ್ಲಿ ಸುತ್ತಿಡುತ್ತಾನೆ.